ಸಮುದಾಯ ದೂರದರ್ಶನ ಪೆಟ್ಟಿಗೆ: ಕವಚದ ಮರುಬಳಕೆ ಹಾಗೂ ಒಳಭಾಗಗಳ ಸುರಕ್ಷಿತ ವಿಲೇವಾರಿ

ಹಳೆಯ ಗ್ರಾಮ ಪಂಚಾಯತಿ ಕಟ್ಟಡಗಳ ಉಗ್ರಾಣ ಕೊಠಡಿಯಲ್ಲಿ, ಮುರಿದ ಕುರ್ಚಿ ಹಾಗೂ ಕಳೆದ ಚುನಾವಣೆಗಳ ಬ್ಯಾನರುಗಳ ನಡುವೆ, ಮರದ ಕವಚದ ಒಂದು ದೂರದರ್ಶನ ಪೆಟ್ಟಿಗೆ ಇರುವುದುಂಟು. ಮುಂಭಾಗದಲ್ಲಿ ಪಟ್ಟಿಗಳ ಜಾರುಬಾಗಿಲು, ಬೀಗ ಹಾಕಲು ಚಿಲಕ, ಕೆಳಗೆ ನಾಲ್ಕು ಕಾಲು. ಪಂಚಾಯತಿಯ ಅಂಗಳದಲ್ಲಿ ಸಂಜೆ ಊರೇ ಸೇರಿ ನೋಡುತ್ತಿದ್ದ ಸಮುದಾಯ ದೂರದರ್ಶನವದು. ಕಟ್ಟಡ ನವೀಕರಣದ ಪ್ರಸ್ತಾವ ಬಂದಾಗಲೆಲ್ಲ ಇದನ್ನು ಏನು ಮಾಡಬೇಕೆಂಬ ಪ್ರಶ್ನೆ ಸಾಮಾನ್ಯ ಸಭೆಯ ಮುಂದೆ ಬರುತ್ತದೆ. ಗುಜರಿಗೆ ಹಾಕಿಬಿಡಿ ಎಂಬ ಉತ್ತರ ಸುಲಭವಾಗಿ ಸಿಗುತ್ತದೆ. ಆ ಉತ್ತರದಲ್ಲಿ ಅಡಗಿರುವ ಅಪಾಯವನ್ನೂ, ಅದಕ್ಕಿಂತ ಉತ್ತಮವಾದ ದಾರಿಯನ್ನೂ ಸದಸ್ಯರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಕರ್ನಾಟಕದ ಹಳ್ಳಿಗಳಿಗೆ ದೂರದರ್ಶನ ಬಂದದ್ದು ನಗರಗಳ ಮೂಲಕವಲ್ಲ ಎಂಬುದು ಇಂದಿನ ಪೀಳಿಗೆಗೆ ಅಚ್ಚರಿಯ ಸಂಗತಿ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗದಲ್ಲಿ, ಅಂದರೆ ಸೈಟ್ ಯೋಜನೆಯಲ್ಲಿ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಸಮುದಾಯ ದೂರದರ್ಶನ ಪೆಟ್ಟಿಗೆಗಳನ್ನು ನೀಡಲಾಯಿತು. ಕರ್ನಾಟಕದಿಂದ ಬಿಜಾಪುರ, ಗುಲ್ಬರ್ಗಾ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿ ಸೇರಿದ್ದವು. ಇಸ್ರೋ ಸಂಸ್ಥೆಯು ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಬಳಸಿ ನಡೆಸಿದ ಈ ಪ್ರಯೋಗದಲ್ಲಿ ಬೆಳಿಗ್ಗೆ ಶಾಲಾ ಮಕ್ಕಳಿಗೂ ಸಂಜೆ ಕೃಷಿ, ಆರೋಗ್ಯ, ಕುಟುಂಬ ಕಲ್ಯಾಣ ವಿಷಯಗಳ ಕುರಿತು ಹಿರಿಯರಿಗೂ ಕಾರ್ಯಕ್ರಮಗಳಿದ್ದವು. ಕೋಳಿಬಲೆಯಂಥ ತಂತಿಜಾಲರಿಯಿಂದ ಮಾಡಿದ, ಸುಮಾರು ಹತ್ತು ಅಡಿ ವ್ಯಾಸದ ಆಂಟೆನಾ ಬಯಲಿನಲ್ಲಿ ನಿಂತಿರುತ್ತಿತ್ತು. ಪ್ರಯೋಗ ಮುಗಿದ ಬಳಿಕ 1977ರಲ್ಲಿ ಗುಲ್ಬರ್ಗಾದಲ್ಲಿ ಭೂಪ್ರಸಾರ ಕೇಂದ್ರ ಆರಂಭವಾಯಿತು. 1980ರ ದಶಕದಲ್ಲಿ ಪ್ರಸಾರ ಕೇಂದ್ರಗಳು ಹೆಚ್ಚಿದಂತೆ ಉಳಿದ ಜಿಲ್ಲೆಗಳ ಹಳ್ಳಿಗಳಲ್ಲಿಯೂ ಸಮುದಾಯ ಪೆಟ್ಟಿಗೆಗಳು ಕಾಣಿಸಿಕೊಂಡವು. ಇಂದು ಉಗ್ರಾಣಗಳಲ್ಲಿರುವವು ಹೆಚ್ಚಾಗಿ ಈ ಎರಡನೆಯ ತಲೆಮಾರಿನವು.

ದೂರದರ್ಶನ ಸಂಸ್ಥೆಯು ಹಳೆಯ ಅನಲಾಗ್ ಭೂಪ್ರಸಾರವನ್ನು ಬಹುತೇಕ ನಿಲ್ಲಿಸಿರುವುದರಿಂದ ಈ ಪೆಟ್ಟಿಗೆಯನ್ನು ದುರಸ್ತಿ ಮಾಡಿಸಿ ಪಡೆಯುವ ಪ್ರಯೋಜನ ಏನೂ ಇಲ್ಲ. ಉಳಿಯುವುದು ಎರಡು ವಸ್ತು. ಒಂದು, ಉಪಯೋಗಕ್ಕೆ ಬರಬಹುದಾದ ಮರದ ಕವಚ. ಇನ್ನೊಂದು, ಅದರೊಳಗಿನ ಪಿಕ್ಚರ್ ಟ್ಯೂಬ್ ಮತ್ತು ವಿದ್ಯುನ್ಮಾನ ಭಾಗ. ಮೊದಲನೆಯದು ಊರಿನಲ್ಲಿಯೇ ಉಳಿಯಬಹುದು. ಎರಡನೆಯದು ಇಡಿಯಾಗಿ, ಒಡೆಯದೆ, ಬಿಡಿಸದೆ, ನೋಂದಾಯಿತ ಮರುಸಂಸ್ಕರಣಕಾರರಿಗೆ ಹೋಗಬೇಕು.

ಗುಜರಿಗೆ ಕೊಟ್ಟರೆ ಏನಾಗುತ್ತದೆ

ಗುಜರಿ ವ್ಯಾಪಾರಿಗೆ ಈ ಪೆಟ್ಟಿಗೆಯಲ್ಲಿ ಬೇಕಾಗಿರುವುದು ತಾಮ್ರ. ಪಿಕ್ಚರ್ ಟ್ಯೂಬಿನ ಕತ್ತಿನ ಸುತ್ತ ಯೋಕ್ ಎಂಬ ತಾಮ್ರದ ಸುರುಳಿ ಇರುತ್ತದೆ. ಅದನ್ನು ಸ್ಕ್ರೂ ಸಡಿಲಿಸಿ ತೆಗೆಯಲು ಸಮಯ ಬೇಕು, ಕಲ್ಲಿನಿಂದ ಕತ್ತನ್ನು ಒಡೆದರೆ ಕ್ಷಣದ ಕೆಲಸ. ಒಡೆದ ಗಾಜು ಕೆರೆಯಂಚಿಗೋ ರಸ್ತೆಬದಿಯ ಗುಂಡಿಗೋ ಬೀಳುತ್ತದೆ. ಬಣ್ಣದ ಟ್ಯೂಬಿನ ಹಿಂಭಾಗದ ಆಲಿಕೆಯಾಕಾರದ ಗಾಜಿನಲ್ಲಿ ಸುಮಾರು ಐದನೆಯ ಒಂದು ಭಾಗದಷ್ಟು ಸೀಸದ ಆಕ್ಸೈಡ್ ಇರುತ್ತದೆ. ಕ್ಷಕಿರಣ ಹೊರಸೂಸದಂತೆ ತಡೆಯಲು ಅದನ್ನು ಸೇರಿಸಲಾಗುತ್ತಿತ್ತು. ಕಪ್ಪು-ಬಿಳುಪು ಟ್ಯೂಬುಗಳಲ್ಲಿ ಸೀಸ ಇದಕ್ಕಿಂತ ಕಡಿಮೆ, ಆದರೆ ಪರದೆಯ ಒಳಮೈಗೆ ಬಳಿದ ಫಾಸ್ಫರ್ ಪುಡಿಯಲ್ಲಿ ಹಲವು ವೇಳೆ ಸತುವಿನೊಂದಿಗೆ ಕ್ಯಾಡ್ಮಿಯಂ ಸಂಯುಕ್ತವೂ ಇರುತ್ತದೆ. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಗೆ ಮಾರಕ, ಕ್ಯಾಡ್ಮಿಯಂ ಮೂತ್ರಪಿಂಡಕ್ಕೆ. ಬೋರ್ಡಿನ ಪ್ಲಾಸ್ಟಿಕ್ಕನ್ನೂ ತಂತಿಗಳ ಹೊದಿಕೆಯನ್ನೂ ಬಯಲಿನಲ್ಲಿ ಸುಟ್ಟು ತಾಮ್ರ ತೆಗೆಯುವ ರೂಢಿಯಿಂದ ಹೊರಬರುವ ಹೊಗೆ ಮತ್ತೊಂದು ಕೆಡುಕು.

ಇದು ಪಂಚಾಯತಿಯ ಒಂದು ಪೆಟ್ಟಿಗೆಯ ಮಾತಾಗಿದ್ದರೆ ಇಷ್ಟು ವಿವರಿಸುವ ಅಗತ್ಯವಿರುತ್ತಿರಲಿಲ್ಲ. ಮನೆಮನೆಯಲ್ಲಿ ಎಲ್‌ಇಡಿ ಟಿವಿ ಬಂದ ಮೇಲೆ ಹಳೆಯ ಡಬ್ಬಿ ಟಿವಿಗಳು ಹೊರಬೀಳುತ್ತಿವೆ. ಸ್ವಚ್ಛ ವಾಹಿನಿಯಲ್ಲಿ ಬಂದು ಸ್ವಚ್ಛ ಸಂಕೀರ್ಣದ ಮೂಲೆಯಲ್ಲಿ ಸೇರುವ ಅವುಗಳನ್ನು ಕೈಯಿಂದ ಎತ್ತಿ ಇಡುವವರು ಸ್ವಸಹಾಯ ಸಂಘದ ಮಹಿಳೆಯರು. ಒಡೆದ ಟ್ಯೂಬನ್ನು ಬಾಟಲಿ ಗಾಜಿನ ರಾಶಿಗೆ ಸೇರಿಸಿ ಬರಿಗೈಯಲ್ಲಿ ವಿಂಗಡಿಸುವ ದೃಶ್ಯ ಅಪರೂಪವಲ್ಲ. ಪಂಚಾಯತಿಯು ತನ್ನದೇ ಪೆಟ್ಟಿಗೆಯನ್ನು ಕ್ರಮಬದ್ಧವಾಗಿ ವಿಲೇವಾರಿ ಮಾಡಿದರೆ ಉಳಿದವುಗಳಿಗೂ ದಾರಿ ತಾನಾಗಿ ತೆರೆಯುತ್ತದೆ.

2022ರ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ದೂರದರ್ಶನ ಪೆಟ್ಟಿಗೆಗಳು ಅದರ ಅನುಸೂಚಿಯಲ್ಲಿ ಸೇರಿವೆ. ವರ್ಷದಲ್ಲಿ 1,000ಕ್ಕೂ ಕಡಿಮೆ ಉಪಕರಣ ಬಳಸುವ ಸಂಸ್ಥೆಯು ನಿಯಮದ ಪ್ರಕಾರ ಬೃಹತ್ ಬಳಕೆದಾರ ಎನಿಸದು. ಆದುದರಿಂದ ಗ್ರಾಮ ಪಂಚಾಯತಿಗೆ ಆ ವರ್ಗದ ಹೊಣೆಗಳು ಬರುವುದಿಲ್ಲ. ಹಾಗೆಂದು ಹರಾಜಿನಲ್ಲಿ ಗುಜರಿಗೆ ಮಾರಲು ಇದು ಪರವಾನಗಿಯಲ್ಲ. ಇ-ತ್ಯಾಜ್ಯವನ್ನು ಮರುಸಂಸ್ಕರಿಸುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡಿರಬೇಕು. ಹರಾಜಿನಿಂದ ಬರುವ ಅಲ್ಪ ಮೊತ್ತಕ್ಕಾಗಿ ಸೀಸದ ಗಾಜನ್ನು ಊರ ಗುಂಡಿಗೆ ಸೇರಿಸುವುದು ಲಾಭದ ವ್ಯವಹಾರವೂ ಅಲ್ಲ.

ಮೊದಲು ದಾಸ್ತಾನು ವಹಿ

ಪೆಟ್ಟಿಗೆ ಯಾರದು ಎಂಬುದು ಮೊದಲು ಖಚಿತವಾಗಬೇಕು. ಕೆಲವು ಪೆಟ್ಟಿಗೆಗಳನ್ನು ಪಂಚಾಯತಿಯೇ ಖರೀದಿಸಿತ್ತು, ಕೆಲವು ಇಲಾಖೆಗಳಿಂದ ಬಂದವು, ಕೆಲವನ್ನು ದಾನಿಗಳು ನೀಡಿದರು. 1987ರಿಂದ ಕೆಲಕಾಲ ಅಸ್ತಿತ್ವದಲ್ಲಿದ್ದ ಮಂಡಲ ಪಂಚಾಯತಿಗಳ ದಾಸ್ತಾನು ವಹಿಯಲ್ಲಿ ಮಾತ್ರ ನಮೂದಿದ್ದು, 1993ರ ಅಧಿನಿಯಮದ ನಂತರ ರಚನೆಯಾದ ಗ್ರಾಮ ಪಂಚಾಯತಿಯ ವಹಿಗೆ ವರ್ಗಾವಣೆಯಾಗದೇ ಉಳಿದಿರುವುದೂ ಸಾಧ್ಯ. ಹಳೆಯ ಮಂಡಲ ಪಂಚಾಯತಿಯ ಪ್ರದೇಶ ಹಲವು ಗ್ರಾಮ ಪಂಚಾಯತಿಗಳಾಗಿ ಹಂಚಿಹೋಗಿದ್ದರೆ ಹಳೆಯ ವಹಿ ನೆರೆಯ ಪಂಚಾಯತಿಯಲ್ಲಿ ದೊರೆಯಬಹುದು. ನಮೂದು ಸಿಗದಿದ್ದಲ್ಲಿ ಈಗಿರುವ ಸ್ಥಿತಿಯಲ್ಲಿ ಛಾಯಾಚಿತ್ರ ತೆಗೆದು, ಹಿಂಬದಿಯ ಹಲಗೆಯ ಮೇಲಿನ ಕ್ರಮಸಂಖ್ಯೆಯನ್ನು ಬರೆದುಕೊಂಡು, ಸಭೆಯ ಗಮನಕ್ಕೆ ತಂದು ವಹಿಗೆ ತೆಗೆದುಕೊಂಡ ನಂತರವೇ ಅನುಪಯುಕ್ತವೆಂದು ಘೋಷಿಸುವುದು ಸರಿಯಾದ ಕ್ರಮ. ಇಲಾಖೆಯ ಸ್ವತ್ತಾಗಿದ್ದರೆ ಆ ಇಲಾಖೆಗೆ ಪತ್ರ ಬರೆದು ಒಪ್ಪಿಗೆ ಪಡೆಯತಕ್ಕದ್ದು.

ಸಾಮಾನ್ಯ ಸಭೆಯ ನಿರ್ಣಯದಲ್ಲಿ ಕವಚ ಮತ್ತು ಒಳಭಾಗ ಎರಡನ್ನೂ ಪ್ರತ್ಯೇಕವಾಗಿ ನಮೂದಿಸುವುದು ಒಳ್ಳೆಯದು. ಹಳೆಯ ಟಿವಿಯನ್ನು ವಿಲೇವಾರಿ ಮಾಡಲು ಒಪ್ಪಲಾಯಿತು ಎಂದಷ್ಟೇ ಬರೆದರೆ, ಕವಚವನ್ನು ಅರಿವು ಕೇಂದ್ರದಲ್ಲಿ ಕಂಡ ಲೆಕ್ಕಪರಿಶೋಧಕರು ಆಕ್ಷೇಪಣೆ ಎತ್ತುವುದು ಸಹಜ.

ಒಳಗೆ ಏನಿದೆ, ಏಕೆ ಎಚ್ಚರ

ಹತ್ತು ವರ್ಷದಿಂದ ಪ್ಲಗ್ ಹಾಕದ ಪೆಟ್ಟಿಗೆಯಲ್ಲಿ ವಿದ್ಯುತ್ ಎಲ್ಲಿಂದ ಬರುತ್ತದೆ ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದದ್ದೇ. ಪಿಕ್ಚರ್ ಟ್ಯೂಬಿನ ಗಾಜಿಗೆ ಒಳಗೂ ಹೊರಗೂ ವಿದ್ಯುತ್ ಹರಿಯುವ ಕಪ್ಪು ಲೇಪನವಿದ್ದು, ಟ್ಯೂಬೇ ಒಂದು ದೊಡ್ಡ ಕೆಪಾಸಿಟರ್‌ನಂತೆ ವಿದ್ಯುತ್ತನ್ನು ಹಿಡಿದಿಡುತ್ತದೆ. ಚಾಲನೆಯಲ್ಲಿದ್ದಾಗ ಕಪ್ಪು-ಬಿಳುಪು ಟ್ಯೂಬಿನಲ್ಲಿ ಸುಮಾರು 15,000 ವೋಲ್ಟ್, ಬಣ್ಣದ ಟ್ಯೂಬಿನಲ್ಲಿ 20,000ದಿಂದ 25,000 ವೋಲ್ಟ್ ಇರುತ್ತದೆ. ಪ್ಲಗ್ ತೆಗೆದ ಮೇಲೂ ಇದು ದಿನಗಟ್ಟಲೆ ಉಳಿಯಬಹುದು. ವರ್ಷಗಳು ಕಳೆದರೆ ಬಹುತೇಕ ಸೋರಿಹೋಗುತ್ತದೆ ಎಂಬುದು ನಿಜ. ಆದರೆ ನಿಜವಾದ ಅಪಾಯ ಹುಟ್ಟುವುದು ಹರಾಜಿಗೆ ಮುನ್ನಾದಿನ. ಯಾರೋ ಒಬ್ಬರು, ಕೆಟ್ಟಿದೆಯೋ ಇಲ್ಲವೋ ಒಮ್ಮೆ ನೋಡೋಣ ಎಂದು ಪ್ಲಗ್ ಹಾಕುತ್ತಾರೆ. ಪರದೆ ಬೆಳಗದಿದ್ದರೂ ಟ್ಯೂಬ್ ತುಂಬಿಕೊಂಡಿರಬಹುದು. ಮರುದಿನ ಹಿಂಬದಿಯ ಹಲಗೆ ತೆಗೆದವರಿಗೆ ಅದು ಗೊತ್ತಿರುವುದಿಲ್ಲ. ಇಲಿ ಕಡಿದ ತಂತಿ, ಒಣಗಿದ ಕೆಪಾಸಿಟರ್ ಇರುವ ಪೆಟ್ಟಿಗೆಗೆ ವಿದ್ಯುತ್ ಕೊಟ್ಟರೆ ಹೊಗೆ, ಸ್ಫೋಟ, ಬೆಂಕಿ ಯಾವುದೂ ಆಗಬಹುದು. ಆದ್ದರಿಂದ ನಿರ್ಣಯವಾದ ದಿನವೇ ಪೆಟ್ಟಿಗೆಯ ವೈರನ್ನು ಪ್ಲಗ್ ಸಮೇತ ಕತ್ತರಿಸಿ ತೆಗೆದುಬಿಡುವುದು ಅತ್ಯಂತ ಸರಳವಾದ ಮುನ್ನೆಚ್ಚರಿಕೆ. ಕತ್ತರಿಸುವ ಮುನ್ನ ಪ್ಲಗ್ ಗೋಡೆಯಲ್ಲಿಲ್ಲ ಎಂಬುದನ್ನು ಕಣ್ಣಾರೆ ನೋಡತಕ್ಕದ್ದು.

ವಿದ್ಯುತ್ ಪೂರೈಕೆಯ ಭಾಗದಲ್ಲಿ ಡಬ್ಬಿಯಾಕಾರದ ದೊಡ್ಡ ಕೆಪಾಸಿಟರ್ ಇರುತ್ತದೆ. 230 ವೋಲ್ಟ್ ಸರಬರಾಜನ್ನು ನೇರವಾಗಿ ಡಿಸಿಗೆ ಬದಲಿಸುವ ಪೆಟ್ಟಿಗೆಗಳಲ್ಲಿ ಇದರ ಮೇಲೆ 300 ವೋಲ್ಟ್‌ಗೂ ಹೆಚ್ಚು ಇರುವುದುಂಟು. ವೋಲ್ಟ್ ಕಡಿಮೆ ಎಂದು ಇದನ್ನು ಲಘುವಾಗಿ ಕಾಣುವುದು ತಪ್ಪು. ಅದು ಹಿಡಿದಿಡುವ ವಿದ್ಯುತ್ತಿನ ಪ್ರಮಾಣ ಪ್ರಾಣಕ್ಕೆ ಎರವಾಗುವಷ್ಟಿರುತ್ತದೆ. ಹಳೆಯ ಪೆಟ್ಟಿಗೆಗಳಲ್ಲಿ ಸರಬರಾಜಿನ ಒಂದು ತಂತಿ ನೇರವಾಗಿ ಲೋಹದ ಚಾಸಿಗೆ ಸೇರಿರುವುದೂ ಉಂಟು. ಎರಡು ಪಿನ್ನಿನ ಪ್ಲಗ್ ತಿರುಗಿಸಿ ಹಾಕಿದರೆ ಇಡೀ ಚಾಸಿಯೇ ಫೇಸ್ ಆಗುತ್ತದೆ.

ಮೂರನೆಯ ಅಪಾಯ ವಿದ್ಯುತ್ತಿನದಲ್ಲ, ಗಾಳಿಯದು. ಟ್ಯೂಬಿನೊಳಗೆ ನಿರ್ವಾತವಿದೆ. ಹೊರಗಿನ ಗಾಳಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಭಾರದಷ್ಟು ಒತ್ತುತ್ತದೆ. 51 ಸೆಂಟಿಮೀಟರ್ ಪರದೆಯ ಮುಖ ಸುಮಾರು 41 ಸೆಂ.ಮೀ. ಅಗಲ, 31 ಸೆಂ.ಮೀ. ಎತ್ತರವಿರುವುದರಿಂದ ಆ ಮುಖವೊಂದರ ಮೇಲೆಯೇ ಸಾವಿರ ಕಿಲೋಗೂ ಮಿಕ್ಕ ಭಾರವಿದ್ದಂತೆ. ಗಾಜು ಬಿರಿದರೆ ಚೂರುಗಳು ಮೊದಲು ಒಳಕ್ಕೆ ಕುಸಿದು ಮರುಕ್ಷಣ ಎಲ್ಲ ದಿಕ್ಕಿಗೂ ಸಿಡಿಯುತ್ತವೆ. ಟ್ಯೂಬಿನಲ್ಲಿ ಅತ್ಯಂತ ದುರ್ಬಲವಾದ ಭಾಗ ಕತ್ತು. ಪರದೆಯ ಅಂಚಿನ ಸುತ್ತ ಬಿಗಿದ ಲೋಹದ ಪಟ್ಟಿ ಈ ಸಿಡಿತವನ್ನು ತಡೆಯಲೆಂದೇ ಇರುವುದು. ಅದನ್ನು ಕತ್ತರಿಸಲು ಯಾರಿಗೂ ಅವಕಾಶ ಕೊಡಬಾರದು.

ಕವಚದಿಂದ ಬೇರ್ಪಡಿಸುವ ಕೆಲಸ

ಈ ಕೆಲಸವನ್ನು ಡಬ್ಬಿ ಟಿವಿಗಳನ್ನು ದುರಸ್ತಿ ಮಾಡಿ ಅನುಭವವಿರುವ ಮೆಕ್ಯಾನಿಕ್ ಮಾಡಬೇಕು. ತಾಲ್ಲೂಕು ಕೇಂದ್ರದಲ್ಲಿ ಅಂಥವರು ಇನ್ನೂ ಇದ್ದಾರೆ, ಆದರೆ ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ನೀರುಗಂಟಿಯವರಿಗಾಗಲಿ ಜವಾನರಿಗಾಗಲಿ ಇದನ್ನು ಒಪ್ಪಿಸಬಾರದು. ಬೀದಿ ದೀಪ ನೋಡಿಕೊಳ್ಳುವ ಎಲೆಕ್ಟ್ರಿಷಿಯನ್‌ಗೂ ಟ್ಯೂಬಿನ ಅಧಿಕ ವೋಲ್ಟ್‌ನ ಪರಿಚಯ ಇರಲೇಬೇಕೆಂದಿಲ್ಲ. ಕೆಳಗಿನ ವಿವರ ಸದಸ್ಯರು ತಾವೇ ಮಾಡಲೆಂದು ಅಲ್ಲ, ನಿಂತು ಮಾಡಿಸುವವರಿಗೆ ಯಾವುದು ಸರಿ ಯಾವುದು ಅವಸರ ಎಂದು ತಿಳಿಯಲೆಂದು.

ಕೆಲಸ ಹಗಲಿನಲ್ಲಿ, ಒಣನೆಲದ ಮೇಲೆ, ಮಕ್ಕಳಿಲ್ಲದ ಜಾಗದಲ್ಲಿ ನಡೆಯಬೇಕು. ಮೆಕ್ಯಾನಿಕ್‌ಗೆ ಕಣ್ಣಿನ ರಕ್ಷಕ ಕನ್ನಡಕ, ದಪ್ಪ ಕೈಚೀಲ, ಮುಚ್ಚಿದ ಪಾದರಕ್ಷೆ ಇರಬೇಕು. ಉಂಗುರ, ಕೈಗಡಿಯಾರ ತೆಗೆದಿಡಬೇಕು. ಎರಡನೆಯ ವ್ಯಕ್ತಿ ಹತ್ತಿರವಿರಬೇಕು, ಆದರೆ ಪೆಟ್ಟಿಗೆಯನ್ನು ಮುಟ್ಟಬಾರದು.

ಹಿಂಬದಿಯ ಹಲಗೆ ತೆಗೆದ ಕೂಡಲೇ ಟ್ಯೂಬಿನ ಮೇಲ್ಭಾಗದಲ್ಲಿ ಬಟ್ಟಲಿನಂಥ ರಬ್ಬರ್ ಮುಚ್ಚಳವೂ ಅದಕ್ಕೆ ಸೇರಿದ ದಪ್ಪ ತಂತಿಯೂ ಕಾಣುತ್ತವೆ. ಅಧಿಕ ವೋಲ್ಟ್ ಟ್ಯೂಬಿಗೆ ಸೇರುವ ಸ್ಥಳವದು. ಟ್ಯೂಬಿನ ಕಪ್ಪು ಲೇಪನದ ಮೇಲೆ ಹಾದುಹೋಗುವ, ಹೊದಿಕೆಯಿಲ್ಲದ ಹೆಣೆದ ತಂತಿಯೊಂದಿರುತ್ತದೆ. ಮೆಕ್ಯಾನಿಕ್ ಎರಡು ತುದಿಗೂ ಕ್ಲಿಪ್ ಇರುವ ವೈರಿನ ಒಂದು ತುದಿಯನ್ನು ಮೊದಲು ಆ ಹೆಣೆದ ತಂತಿಗೆ, ಮತ್ತೊಂದನ್ನು ಉದ್ದನೆಯ ಸ್ಕ್ರೂಡ್ರೈವರ್‌ನ ಲೋಹಕ್ಕೆ ಸಿಕ್ಕಿಸುತ್ತಾರೆ. ಬಳಿಕ ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟು, ಸ್ಕ್ರೂಡ್ರೈವರ್‌ನ ಪ್ಲಾಸ್ಟಿಕ್ ಹಿಡಿಯನ್ನು ಮಾತ್ರ ಹಿಡಿದು, ತುದಿಯನ್ನು ರಬ್ಬರ್ ಮುಚ್ಚಳದಡಿ ಒಳಗಿನ ಲೋಹಕ್ಕೆ ತಾಗುವವರೆಗೆ ಜಾರಿಸುತ್ತಾರೆ. ವಿದ್ಯುತ್ ಉಳಿದಿದ್ದರೆ ಚಟ್ ಎಂಬ ಸದ್ದು ಬರುತ್ತದೆ. ಸದ್ದು ಬರದಿದ್ದರೆ ಏನೂ ಇರಲಿಲ್ಲ ಎಂದು ತೀರ್ಮಾನಿಸಬಾರದು. ಹತ್ತು ಹದಿನೈದು ನಿಮಿಷ ಬಿಟ್ಟು ಇದನ್ನೇ ಮತ್ತೊಮ್ಮೆ ಮಾಡಬೇಕು. ಗಾಜಿನಲ್ಲಿ ಇಂಗಿದ ವಿದ್ಯುತ್ತು ಸ್ವಲ್ಪ ಹೊತ್ತಿನಲ್ಲಿ ಮೇಲ್ಮೈಗೆ ಮರಳಿ ಬರುವ ಗುಣ ಟ್ಯೂಬಿಗಿದೆ. ಈ ಎರಡನೆಯ ಸಲವನ್ನು ಬಿಟ್ಟುಬಿಡುವವರೇ ಹೆಚ್ಚು. ಸಣ್ಣ ಆಘಾತವೇ ಆದರೂ, ಅದರಿಂದ ಬೆದರಿ ಕೈ ಎಳೆದಾಗ ಕತ್ತಿಗೆ ಪೆಟ್ಟು ಬಿದ್ದರೆ ಟ್ಯೂಬ್ ಸಿಡಿಯುತ್ತದೆ.

ವಿದ್ಯುತ್ ಪೂರೈಕೆಯ ಕೆಪಾಸಿಟರನ್ನು ಸ್ಕ್ರೂಡ್ರೈವರ್‌ನಿಂದ ನೇರವಾಗಿ ಕಿಡಿ ಹಾರಿಸಿ ಖಾಲಿ ಮಾಡುವುದು ಕೆಟ್ಟ ಅಭ್ಯಾಸ. ಅದರ ಎರಡು ತುದಿಗೆ ಹೋಲ್ಡರ್‌ನಲ್ಲಿರುವ ಹಳೆಯ ತಂತುದೀಪವನ್ನು ಕೆಲಕ್ಷಣ ಜೋಡಿಸಿ, ನಂತರ ಮಲ್ಟಿಮೀಟರ್‌ನಿಂದ ಅಳೆದು ಖಚಿತಪಡಿಸಿಕೊಳ್ಳುವುದು ಸುರಕ್ಷಿತ. ಎಲ್‌ಇಡಿ ಬಲ್ಬ್ ಇದಕ್ಕೆ ಬಾರದು.

ಆಮೇಲೆ ರಬ್ಬರ್ ಮುಚ್ಚಳದ ಕೊಂಡಿ, ಕತ್ತಿನ ತುದಿಯ ಸಾಕೆಟ್, ಯೋಕ್‌ನ ಪ್ಲಗ್, ಸ್ಪೀಕರ್ ತಂತಿ ಇವುಗಳನ್ನು ಬಿಡಿಸಿದರೆ ಬೋರ್ಡು ಚಾಸಿಯೊಂದಿಗೆ ಹೊರಗೆ ಜಾರುತ್ತದೆ. ಸಾಕೆಟ್ಟನ್ನು ನೇರವಾಗಿ ಹಿಂದಕ್ಕೆ ಎಳೆಯಬೇಕು. ಅತ್ತಿತ್ತ ಅಲುಗಿಸಿದರೆ ಕತ್ತು ಮುರಿಯುತ್ತದೆ. ಯೋಕನ್ನು ಟ್ಯೂಬಿನ ಮೇಲೆಯೇ ಬಿಡುವುದು ಲೇಸು. ತಾಮ್ರದ ಆಸೆಗೆ ಅದನ್ನು ತೆಗೆಯಲು ಹೊರಟರೆ ಇಷ್ಟು ಹೊತ್ತಿನ ಎಚ್ಚರವೆಲ್ಲ ವ್ಯರ್ಥ. ಟ್ಯೂಬನ್ನು ಹೊರತೆಗೆಯಲು ಪೆಟ್ಟಿಗೆಯನ್ನು ಮಡಿಸಿದ ಕಂಬಳಿಯ ಮೇಲೆ ಪರದೆ ಕೆಳಗಾಗುವಂತೆ ಮಲಗಿಸಿ, ನಾಲ್ಕು ಮೂಲೆಯ ನಟ್ಟುಗಳನ್ನು ತೆಗೆದು, ಪರದೆಯ ಅಂಚನ್ನು ಇಬ್ಬರು ಎರಡೂ ಕೈಯಿಂದ ಹಿಡಿದು ಎತ್ತಬೇಕು. ಕತ್ತು ಹಿಡಿದು ಎತ್ತುವುದು ಸಲ್ಲದು. ಹೊರಬಂದ ಟ್ಯೂಬನ್ನು ಪರದೆ ಕೆಳಗಾಗಿ ಗಟ್ಟಿ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಸುತ್ತ ಹುಲ್ಲು ಅಥವಾ ಹಳೆ ಬಟ್ಟೆ ತುಂಬಿ, ಮೇಲೆ ದಪ್ಪಕ್ಷರದಲ್ಲಿ ಗಾಜು, ಒಡೆಯಬಾರದು ಎಂದು ಬರೆದು, ಮಳೆ ತಾಗದ ಬೀಗದ ಕೊಠಡಿಯಲ್ಲಿ ಇರಿಸತಕ್ಕದ್ದು.

ಛಾವಣಿಯ ಮೇಲೆ ಹಳೆಯ ಆಂಟೆನಾ ಕಂಬ ನಿಂತಿದ್ದರೆ ಅದನ್ನೂ ಇದೇ ಸಂದರ್ಭದಲ್ಲಿ ಇಳಿಸಬೇಕು. ತುಕ್ಕು ಹಿಡಿದ ಕಂಬ ವಾಲಿ ಪಕ್ಕದ ವಿದ್ಯುತ್ ತಂತಿಗೆ ತಾಗಿದರೆ ಕಟ್ಟಡವೇ ಅಪಾಯಕ್ಕೆ ಸಿಲುಕುತ್ತದೆ. ತಂತಿ ಹತ್ತಿರವಿದ್ದರೆ ವಿದ್ಯುತ್ ಸರಬರಾಜು ಕಂಪನಿಯ ಸಿಬ್ಬಂದಿ ಬಂದು ಲೈನ್ ನಿಲ್ಲಿಸಿದ ಮೇಲೆಯೇ ಕಂಬಕ್ಕೆ ಕೈ ಹಾಕತಕ್ಕದ್ದು.

ಟ್ಯೂಬ್ ಮೊದಲೇ ಒಡೆದಿದ್ದರೆ ಪೊರಕೆಯಿಂದ ಗುಡಿಸಬಾರದು. ಪುಡಿ ಗಾಳಿಗೆ ಏಳುತ್ತದೆ. ಮುಖಗವಸು ಮತ್ತು ದಪ್ಪ ಕೈಚೀಲ ಧರಿಸಿ ದೊಡ್ಡ ಚೂರುಗಳನ್ನು ಕೈಯಿಂದ ಆರಿಸಿ, ಉಳಿದ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆ ಸಮೇತ ಮುಚ್ಚಳವಿರುವ ಡಬ್ಬಿಗೆ ಹಾಕಿ ಇ-ತ್ಯಾಜ್ಯದೊಂದಿಗೇ ಕಳುಹಿಸಬೇಕು. ಸ್ವಚ್ಛ ಸಂಕೀರ್ಣದ ಮಹಿಳೆಯರಿಗೆ ಈ ಒಂದು ಕ್ರಮವನ್ನಾದರೂ ತೋರಿಸಿಕೊಡುವುದು ಪಂಚಾಯತಿಯ ಹೊಣೆ.

ಒಂದು ಟ್ಯೂಬಿಗಾಗಿ ನೋಂದಾಯಿತ ಮರುಸಂಸ್ಕರಣಕಾರರು ಹಳ್ಳಿಗೆ ವಾಹನ ಕಳುಹಿಸುವುದು ಕಷ್ಟ. ಸ್ವಚ್ಛ ಸಂಕೀರ್ಣದಲ್ಲಿ ಸೇರಿರುವ ಡಬ್ಬಿ ಟಿವಿ, ಕೆಟ್ಟ ಕಂಪ್ಯೂಟರ್, ಯುಪಿಎಸ್‌ಗಳನ್ನು ಒಟ್ಟುಗೂಡಿಸಿ, ನೆರೆಯ ಪಂಚಾಯತಿಗಳೊಂದಿಗೆ ತಾಲ್ಲೂಕು ಪಂಚಾಯತ್ ಮೂಲಕ ಒಂದೇ ಲೋಡ್ ಮಾಡಿದರೆ ಕೆಲಸವಾಗುತ್ತದೆ. ಸಂಸ್ಥೆಯ ನೋಂದಣಿಯನ್ನು ಪೋರ್ಟಲ್‌ನಲ್ಲಿ ಅಥವಾ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯಲ್ಲಿ ಪರಿಶೀಲಿಸಿ, ತೂಕ ಮತ್ತು ಸಂಖ್ಯೆ ನಮೂದಿಸಿದ ಸ್ವೀಕೃತಿ ಪಡೆದು ಕಡತದಲ್ಲಿ ಇರಿಸತಕ್ಕದ್ದು.

ಖಾಲಿಯಾದ ಕವಚ

ಕವಚ ಪೂರ್ತಿ ತೇಗದ್ದೆಂದು ಭಾವಿಸುವುದು ಸಾಮಾನ್ಯ. ಹೆಚ್ಚಿನವು ಪ್ಲೈವುಡ್‌ನವು, ಮೇಲೆ ತೇಗದ ತೆಳು ಪದರ ಅಥವಾ ಸನ್ಮೈಕಾ ಅಂಟಿಸಿರುತ್ತಾರೆ. ಆದುದರಿಂದ ತಳಕ್ಕೆ ಗೆದ್ದಲು ಹತ್ತಿದ್ದರೆ, ಪದರಗಳು ಉಬ್ಬಿ ಬಿಟ್ಟುಕೊಂಡಿದ್ದರೆ, ಅದನ್ನು ಉಳಿಸುವ ಖರ್ಚು ಹೊಸ ಕಪಾಟಿಗಿಂತ ಹೆಚ್ಚಾದೀತು. ಬಡಗಿಯವರ ಅಭಿಪ್ರಾಯ ಪಡೆದು, ಯೋಗ್ಯವಲ್ಲವೆಂದರೆ ಭಾವುಕತೆಗೆ ಎಡೆಗೊಡದೆ ಬಿಡುವುದೇ ಸರಿ.

ಗಟ್ಟಿಯಾಗಿದ್ದರೆ ಅದಕ್ಕೆ ಅತ್ಯುತ್ತಮ ಜಾಗ ಅರಿವು ಕೇಂದ್ರ. ಒಳಗೆ ಆಡಳಿತ ಪುಸ್ತಕಗಳಿಗೋ ಮಕ್ಕಳ ಪುಸ್ತಕಗಳಿಗೋ ಎರಡು ಅಡ್ಡಹಲಗೆ ಹಿಡಿಯುತ್ತವೆ. ಪರದೆಯಿದ್ದ ಜಾಗದ ಚೌಕಟ್ಟು ತೆಗೆದರೆ ಮುಂಭಾಗ ಪೂರ್ತಿ ತೆರೆಯುತ್ತದೆ, ಜಾರುಬಾಗಿಲಿನ ಬೀಗ ಹಾಗೆಯೇ ಉಪಯೋಗಕ್ಕೆ ಬರುತ್ತದೆ. ಜಾರುಬಾಗಿಲಿನ ಪಟ್ಟಿಗಳನ್ನು ಹಿಂದಿನಿಂದ ಬಟ್ಟೆಗೆ ಅಂಟಿಸಿರುತ್ತಾರೆ. ಬಟ್ಟೆ ಜೀರ್ಣವಾಗಿದ್ದರೆ ಹೊಸ ಕ್ಯಾನ್ವಾಸ್ ಬಟ್ಟೆಗೆ ಮರದ ಅಂಟಿನಿಂದ ಅಂಟಿಸಿ, ಗಾಡಿಗೆ ಮೇಣ ಹಚ್ಚಿದರೆ ಸಲೀಸಾಗಿ ಓಡುತ್ತದೆ. ಒಳಗಿನ ಧೂಳನ್ನು ಮೊದಲು ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸಿದ ನಂತರವೇ ಉಪ್ಪುಕಾಗದ ಹಿಡಿಯಬೇಕು, ಉಜ್ಜುವಾಗ ಮುಖಗವಸು ಬೇಕು. ತೇಗದ ಪದರ ಕಾಗದದಷ್ಟು ತೆಳುವಾಗಿರುವುದರಿಂದ ಯಂತ್ರದಿಂದ ಉಜ್ಜಿದರೆ ಒಂದೇ ಸಲಕ್ಕೆ ಸವೆದುಹೋಗುತ್ತದೆ. ಹಿಂಬದಿಯ ರಂಧ್ರಗಳ ಹಲಗೆಯನ್ನು ಪುನಃ ಹಾಕಿದರೆ ಮಳೆಗಾಲದಲ್ಲಿ ಪುಸ್ತಕಗಳಿಗೆ ಗಾಳಿಯಾಡುತ್ತದೆ. ಒಳಬದಿಗೆ ಸೊಳ್ಳೆಪರದೆಯ ಜಾಲರಿ ಹೊಡೆಯುವುದು ಮರೆಯಬಾರದು.

ಮಕ್ಕಳು ಓಡಾಡುವ ಕಡೆ ಎತ್ತರದ ಕಾಲುಗಳನ್ನು ತೆಗೆದುಹಾಕಿ, ಕವಚವನ್ನು ಕೋನಪಟ್ಟಿಯಿಂದ ಗೋಡೆಗೆ ಬಿಗಿಯಬೇಕು. ಟ್ಯೂಬಿನ ಭಾರ ಹೋದ ಮೇಲೆ ಅದು ಸುಲಭವಾಗಿ ಮಗುಚುತ್ತದೆ. ಅಂಗನವಾಡಿಯ ಆಹಾರ ಪದಾರ್ಥ ಅಥವಾ ಔಷಧಿ ಇಡಲು ಈ ಕವಚ ಬೇಡ. ಇದರೊಳಗೆ ಹೊಸ ಎಲ್‌ಇಡಿ ಟಿವಿ ಕೂರಿಸುವ ಆಲೋಚನೆ ಬಂದರೆ ಹಿಂಬದಿ ತೆರೆದೇ ಇರಲಿ, ಅರ್ತ್ ಇರುವ ಮೂರು ಪಿನ್ನಿನ ಸಾಕೆಟ್ಟನ್ನು ಕವಚದ ಹೊರಗೆ ಗೋಡೆಯ ಮೇಲೆ ಹಾಕಿಸಲಿ.

ಕವಚದ ಬದಿಯಲ್ಲಿ ಹಳೆಯ ಬಣ್ಣದಲ್ಲಿ ಬರೆದ ಊರಿನ ಅಥವಾ ಮಂಡಲ ಪಂಚಾಯತಿಯ ಹೆಸರು, ವರ್ಷ ಉಳಿದಿದ್ದರೆ ಆ ಭಾಗಕ್ಕೆ ಬಣ್ಣ ಬಳಿಯದೆ ತೆಳುವಾದ ವಾರ್ನಿಷ್ ಮಾತ್ರ ಹಚ್ಚುವುದು ಒಳಿತು. ದಾಸ್ತಾನು ವಹಿಯಲ್ಲಿ ಸಮುದಾಯ ದೂರದರ್ಶನ ಎಂಬ ನಮೂದಿನ ಮುಂದೆ ನಿರ್ಣಯದ ಸಂಖ್ಯೆ, ಸ್ವೀಕೃತಿಯ ದಿನಾಂಕ ಬರೆದು ಮುಕ್ತಾಯಗೊಳಿಸಿ, ಪುಸ್ತಕ ಕಪಾಟು ಒಂದು ಎಂದು ಹೊಸ ನಮೂದು ಮಾಡಿ, ಗ್ರಂಥಾಲಯ ಮೇಲ್ವಿಚಾರಕರ ಸಹಿ ಪಡೆಯತಕ್ಕದ್ದು.